ಏಳದ ಪಾದಕ್ಕೆ ಸ್ಪ್ಲಿಂಟೋ, ಕರೆಂಟೋ? ಮೂರನ್ನೂ ಬಳಸಿ ನೋಡಿದ ಮೇಲೆ

ಸ್ಟ್ರೋಕ್ ಆಗಿ ನಾಲ್ಕು ತಿಂಗಳಿಗೆ ಗೋಡೆ ಹಿಡಿದು ನಡೆಯುವಷ್ಟಾಗಿದ್ದೆ. ಆದರೆ ಬಲಗಾಲಿನ ಪಾದ ಮಾತ್ರ ಮೇಲೇಳುತ್ತಿರಲಿಲ್ಲ. ಹೆಜ್ಜೆ ಎತ್ತಿದಾಗಲೆಲ್ಲ ಹೆಬ್ಬೆರಳು ನೆಲಕ್ಕೆ ಉಜ್ಜುತ್ತಿತ್ತು. ಬಲಗಾಲಿನ ಚಪ್ಪಲಿಯ ತುದಿ ಸವೆದು ತೆಳ್ಳಗಾಗಿತ್ತು. ಫಿಸಿಯೋಗಳು ಇದನ್ನು ಫುಟ್ ಡ್ರಾಪ್ ಅಂತಾರೆ. ಇದಕ್ಕೆಂದು ಒಂದು ವರ್ಷದಲ್ಲಿ ಮೂರು ಉಪಾಯ ಬಳಸಿದ್ದೇನೆ: ಪ್ಲಾಸ್ಟಿಕ್ ಸ್ಪ್ಲಿಂಟ್, ಕೂತಲ್ಲೇ ಕಾಲಿಗೆ ಸಣ್ಣ ಕರೆಂಟ್ ಕೊಡುವ, ಟೈಮರ್ ಇರುವ ಸ್ಟಿಮ್ಯುಲೇಟರ್, ಮತ್ತು ನಡೆಯುವಾಗಲೇ ಕರೆಂಟ್ ಕೊಡುವ ಎಫ್‌ಇಎಸ್ (ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಷನ್).

ಮೊದಲು ಬಂದದ್ದು ಸ್ಪ್ಲಿಂಟ್. ಮೀನಖಂಡದ ಹಿಂದಿನಿಂದ ಅಂಗಾಲಿನವರೆಗೆ ಬರುವ ಗಟ್ಟಿ ತಗಡಿನಂಥದ್ದು. ಹಾಕಿದ ದಿನವೇ ಎಡವುವುದು ನಿಂತಿತು. ಚಾರ್ಜ್ ಬೇಡ, ವೈರ್ ಇಲ್ಲ, ಮರೆತು ಓಡಾಡಬಹುದು. ಆದರೆ ಪಾದವನ್ನು ಅದು ಹಿಡಿದಿಡುತ್ತದೆ, ಎತ್ತುವುದಿಲ್ಲ. ಇಳಿಜಾರಿನಲ್ಲಿ ಕಣಕಾಲು ಬಗ್ಗದೆ ಮಂಡಿಯೇ ಮುಂದೆ ತಳ್ಳಿದ ಹಾಗಾಗುತ್ತಿತ್ತು. ಬಿಚ್ಚಿದರೆ ಪಾದ ಮೊದಲಿನಂತೆಯೇ ಜೋತು ಬೀಳುತ್ತಿತ್ತು.

ಆಮೇಲೆ ಟೈಮರ್ ಮೆಷಿನ್. ಕುರ್ಚಿಯಲ್ಲಿ ಕೂತು ಎರಡು ಪ್ಯಾಡ್ ಅಂಟಿಸಿಕೊಳ್ಳಬೇಕು. ನನಗೆ ಇಟ್ಟುಕೊಟ್ಟ ಸೆಟ್ಟಿಂಗ್ ಹೀಗಿತ್ತು: ಸೆಕೆಂಡಿಗೆ 35 ಮಿಡಿತ, ಒಂದೊಂದು ಮಿಡಿತ 300 ಮೈಕ್ರೋಸೆಕೆಂಡ್, 5 ಸೆಕೆಂಡ್ ಕರೆಂಟ್, 15 ಸೆಕೆಂಡ್ ಬಿಡುವು. ಮೊದಲು ಇರುವೆ ಹರಿದಂತೆ ಜುಮ್ಮೆನ್ನುತ್ತದೆ. ಸ್ವಲ್ಪ ಏರಿಸಿದರೆ ಚರ್ಮದಡಿ ಸ್ನಾಯು ಬಿಗಿಯುತ್ತದೆ. ಇನ್ನೂ ಸ್ವಲ್ಪ ಏರಿಸಿದಾಗ ನನ್ನ ಪಾದ ಎದ್ದಿತು. ನಾಲ್ಕು ತಿಂಗಳು ಎಷ್ಟು ಹೇಳಿದರೂ ಕೇಳದ ಪಾದ, ಕಣ್ಣೆದುರೇ ಎದ್ದು ನಿಂತಿತ್ತು. ಅವತ್ತು ಅತ್ತುಬಿಟ್ಟೆ.

ಇದು ಹೇಗೆ ಸಾಧ್ಯ ಅಂತ ಕೇಳಿದೆ. ಸ್ಟ್ರೋಕ್‌ನಲ್ಲಿ ಪೆಟ್ಟು ಬಿದ್ದಿರುವುದು ಮೆದುಳಿಗೆ. ಬೆನ್ನುಹುರಿಯಿಂದ ಕಾಲಿಗೆ ಬರುವ ನರ ಸರಿಯಾಗಿಯೇ ಇರುತ್ತದೆ. ಮೆದುಳಿನಿಂದ ಬಾರದ ಅಪ್ಪಣೆಯನ್ನು ಕರೆಂಟ್ ಆ ನರಕ್ಕೆ ಮುಟ್ಟಿಸುತ್ತದೆ. ಅದಕ್ಕೇ ಕಾಲಿನ ನರವೇ ತುಂಡಾದವರಿಗೆ ಈ ಮಾಮೂಲಿ ಮೆಷಿನ್ ಕೆಲಸ ಮಾಡುವುದಿಲ್ಲ. ನೋವಿಗೆಂದು ಕರೆಂಟ್ ಕೊಡುವ ಟೆನ್ಸ್ ಮೆಷಿನ್ ಕೂಡ ಬೇರೆ. ನೋಡೋಕೆ ಒಂದೇ ಥರ ಇರುತ್ತದೆ, ಆದರೆ ಅದರ ಗುರಿ ನೋವು ಕಡಿಮೆ ಮಾಡುವುದು, ಪಾದ ಎತ್ತಿಸುವುದಲ್ಲ.

ಟೈಮರ್‌ನಲ್ಲಿ ನಾನು ಮಾಡಿದ ತಪ್ಪು ಒಂದಿದೆ. ಮೊದಲ ಮೂರು ವಾರ ಮೆಷಿನ್ ಹಾಕಿಕೊಂಡು ಟಿವಿ ನೋಡುತ್ತಾ ಸುಮ್ನೆ ಕೂತಿರುತ್ತಿದ್ದೆ. ಪಾದ ಏಳುತ್ತಿತ್ತು, ಬೀಳುತ್ತಿತ್ತು, ನಡಿಗೆ ಹಾಗೇ ಇತ್ತು. ಫಿಸಿಯೋ ಮೇಡಂ ನೋಡಿದವರೇ ಟಿವಿ ಆರಿಸಿದರು. "ಕರೆಂಟ್ ಬಂದಾಗ ನೀವೂ ಎತ್ತಿ. ಪಾದ ನೋಡಿಕೊಂಡೇ ಎತ್ತಿ" ಅಂದರು. ಹಾಗೆ ಮಾಡಲು ಶುರುಮಾಡಿದ ಮೇಲೆಯೇ, ಮೆಷಿನ್ ಆಫ್ ಇದ್ದಾಗಲೂ ಹೆಬ್ಬೆರಳು ಒಂದಿಷ್ಟು ಅಲುಗತೊಡಗಿತು.

ಎಫ್‌ಇಎಸ್‌ನಲ್ಲಿ ಈ ಜೊತೆಗೂಡುವಿಕೆ ತಾನಾಗಿಯೇ ಆಗುತ್ತದೆ. ಉಪಾಯ ಹೊಸದಲ್ಲ. 1961ರಲ್ಲೇ ಲಿಬರ್ಸನ್ ಎಂಬ ವೈದ್ಯರು ಮತ್ತು ಸಂಗಡಿಗರು ಹಿಮ್ಮಡಿಯ ಕೆಳಗೆ ಸ್ವಿಚ್ ಇಟ್ಟು ಇದನ್ನು ತೋರಿಸಿದ್ದರು. ಹಿಮ್ಮಡಿ ನೆಲ ಬಿಟ್ಟ ತಕ್ಷಣ ಕರೆಂಟ್, ಊರಿದ ತಕ್ಷಣ ಬಂದ್. ನನ್ನದೂ ಅದೇ ಬಗೆಯದು. ನಾನು ಹೆಜ್ಜೆ ಎತ್ತಲು ಹೊರಟ ಗಳಿಗೆಗೇ ಪಾದವೂ ಏಳುತ್ತದೆ. ಸ್ಪ್ಲಿಂಟ್ ಹಾಕಿ ನಡೆದಾಗ ಕಾಲನ್ನು ಹೊತ್ತು ನಡೆದಂತಿತ್ತು. ಇದರಲ್ಲಿ ಕಾಲು ನನ್ನದೇ ಅನ್ನಿಸಿತು.

ಕಷ್ಟವೂ ಇದೆ. ಪ್ಯಾಡ್ ಇಡುವ ಜಾಗ ಸಿಗಲು ನನಗೆ ಎರಡು ವಾರ ಬೇಕಾಯಿತು. ಮಂಡಿಯ ಕೆಳಗೆ, ಹೊರಗಡೆ, ಒಂದು ಮೂಳೆಯ ಗುಬುಟು ಕೈಗೆ ಸಿಗುತ್ತದೆ. ನರ ಅದರ ಹಿಂದಿನಿಂದ ಸುತ್ತಿ ಬರುತ್ತದೆ. ಒಂದು ಪ್ಯಾಡ್ ಅಲ್ಲಿ, ಇನ್ನೊಂದು ಸ್ವಲ್ಪ ಕೆಳಗೆ, ಕಾಲಿನ ಮುಂಭಾಗದ ಸ್ನಾಯುವಿನ ಮೇಲೆ. ಒಂದು ಬೆರಳಷ್ಟು ಸರಿದರೂ ಪಾದ ನೇರ ಏಳದೆ ಒಳಗೋ ಹೊರಗೋ ತಿರುಗುತ್ತದೆ. ಇನ್ನೊಂದು, ಸ್ನಾಯು ಬೇಗ ಸುಸ್ತಾಗುತ್ತದೆ. ನಾವಾಗಿ ಎತ್ತಿದಾಗ ಸ್ನಾಯುವಿನ ಎಳೆಗಳು ಸರದಿಯಲ್ಲಿ ದುಡಿಯುತ್ತವೆ. ಕರೆಂಟ್ ಪ್ರತಿಸಲವೂ ಅವೇ ಎಳೆಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಇಪ್ಪತ್ತು ನಿಮಿಷ ನಡೆದ ಮೇಲೆ ನನ್ನ ಪಾದ ಅರ್ಧಕ್ಕೇ ಏಳುತ್ತಿತ್ತು.

ಹಾಗಂತ ಸ್ಪ್ಲಿಂಟ್ ದಂಡ ಅಂತ ನಾನು ಹೇಳೋದಿಲ್ಲ. 2013ರಲ್ಲಿ ಪ್ರಕಟವಾದ, 197 ಜನರ ಒಂದು ಅಧ್ಯಯನದಲ್ಲಿ 30 ವಾರಗಳ ನಂತರ ಎಫ್‌ಇಎಸ್ ಗುಂಪಿನವರೂ ಸ್ಪ್ಲಿಂಟ್ ಗುಂಪಿನವರೂ ಮೊದಲಿಗಿಂತ ವೇಗವಾಗಿ ನಡೆದರು. ವೇಗದಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬಳಸಿದವರ ಮೆಚ್ಚುಗೆ ಮಾತ್ರ ಎಫ್‌ಇಎಸ್‌ಗೆ ಜಾಸ್ತಿ ಇತ್ತು. ನನ್ನ ಅನುಭವವೂ ಹಾಗೇ.

ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ಫಿಟ್ಸ್ ಬರುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ಡಾಕ್ಟರನ್ನು ಕೇಳದೆ ಪ್ಯಾಡ್ ಮುಟ್ಟಲೇಬೇಡಿ. ಗಾಯದ ಮೇಲೆ ಅಂಟಿಸಬೇಡಿ. ಸ್ಪರ್ಶವೇ ತಿಳಿಯದ ಕಾಲಾದರೆ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಹಾಗಾಗಿ ಪ್ಯಾಡ್ ತೆಗೆದ ಮೇಲೆ ಪ್ರತಿಸಲ ಚರ್ಮ ನೋಡಿ.

ಒಂದನ್ನೇ ಆರಿಸು ಅಂದರೆ ನಾನು ಎಫ್‌ಇಎಸ್ ಅನ್ನುತ್ತೇನೆ. ಈಗ ಬೆಳಿಗ್ಗೆ ಅದನ್ನೇ ಹಾಕಿ ನಡೆಯುತ್ತೇನೆ. ದೂರ ಹೋಗುವ ದಿನ, ಮಳೆಯ ದಿನ ಸ್ಪ್ಲಿಂಟ್. ಟೈಮರ್ ಮೆಷಿನ್ ಸಂಜೆ 20 ನಿಮಿಷ, ಟಿವಿ ಆರಿಸಿ. ಪ್ಯಾಡ್‌ನ ಜಾಗ ತಪ್ಪದಿರಲಿ ಅಂತ ಸ್ನಾನ ಆದ ಮೇಲೆ ಪೆನ್ನಿನಿಂದ ಮತ್ತೆ ಗುರುತು ಹಾಕಿಕೊಳ್ಳುತ್ತೇನೆ.