ಸ್ಪ್ಯಾನಿಷ್ ಭೂತಕಾಲ ಕಲಿಯಲು ಸ್ಪ್ಯಾನಿಷ್‌ಡಿಕ್ಟ್ ಕೋಷ್ಟಕ ಸಾಕೇ?

ಸ್ಪ್ಯಾನಿಷ್ ಕಲಿಯುವವರು ಭೂತಕಾಲಕ್ಕೆ ಬಂದ ಕೂಡಲೇ ತಡವರಿಸುತ್ತಾರೆ. ಹೋಗು, ಬಾ, ಮಾಡು, ಹೇಳು, ಕೊಡು, ದಿನವೂ ಬೇಕಾಗುವ ಇಂಥ ಕ್ರಿಯಾಪದಗಳೇ ಅಲ್ಲಿ ನಿಯಮ ಬಿಟ್ಟು ನಡೆಯುತ್ತವೆ. ಆಗ ಅನೇಕರು ತೆರೆಯುವುದು ಸ್ಪ್ಯಾನಿಷ್‌ಡಿಕ್ಟ್ ಜಾಲತಾಣವನ್ನು. ಜಾಹೀರಾತು ಸಹಿಸಿಕೊಂಡರೆ ಉಚಿತ, ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ರೂಪ ನೋಡಿಕೊಳ್ಳಲು ಇದರಷ್ಟು ಅನುಕೂಲದ್ದು ಕಡಿಮೆ. ಆದರೆ ಕೋಷ್ಟಕವನ್ನಷ್ಟೇ ನೆಚ್ಚಿಕೊಂಡರೆ ಮಾತಾಡುವ ಹೊತ್ತಿಗೆ ನಾಲಿಗೆ ಕಟ್ಟುತ್ತದೆ.

ಮೊದಲು ಒಳ್ಳೆಯ ಅಂಶ. 'ತುಬೆ' ಎಂಬ ರೂಪವನ್ನೇ ಟೈಪ್ ಮಾಡಿ (ಬರೆಯುವುದು 'ವಿ' ಅಕ್ಷರದಲ್ಲಿ, ಉಚ್ಚಾರ 'ಬ'ಕ್ಕೆ ಹತ್ತಿರ), ಅದು 'ತೆನೆರ್' (ಹೊಂದಿರು) ಕ್ರಿಯಾಪದದ್ದು ಎಂದು ತೋರಿಸುತ್ತದೆ. ಕೋಷ್ಟಕದಲ್ಲಿ ನಿಯಮ ತಪ್ಪಿದ ಅಕ್ಷರಗಳು ಕೆಂಪು ಬಣ್ಣದಲ್ಲಿರುತ್ತವೆ. ಎಲ್ಲಿ ಎಡವುತ್ತೇವೆ ಎಂಬುದು ಕಣ್ಣಿಗೇ ಬೀಳುತ್ತದೆ.

ಕೊರತೆ ಇರುವುದೂ ಆ ಕೆಂಪಿನಲ್ಲೇ. 'ಬುಸ್ಕಾರ್' (ಹುಡುಕು) ಎಂಬುದರ 'ಬುಸ್ಕೆ' ರೂಪದಲ್ಲಿ ಬದಲಾಗುವುದು ಕಾಗುಣಿತ ಮಾತ್ರ, 'ಕ' ಧ್ವನಿ ಉಳಿಸಿಕೊಳ್ಳಲು 'ಸಿ' ಹೋಗಿ 'ಕ್ಯೂ-ಯು' ಬರುತ್ತದೆ. ಕಿವಿಗೆ ಅದು ನಿಯಮಬದ್ಧವೇ. 'ತುಬೆ'ಯಲ್ಲಿ ಧಾತುವೇ ಬೇರೆ. ಎರಡಕ್ಕೂ ಒಂದೇ ಬಣ್ಣ. ಹೊಸಬರು ಎರಡನ್ನೂ ಬಾಯಿಪಾಠ ಮಾಡಲು ಕೂರುತ್ತಾರೆ, ಅರ್ಧ ಶ್ರಮ ವ್ಯರ್ಥ.

ಇನ್ನೊಂದು ತೊಡಕು, ಒಂದು ಪುಟಕ್ಕೆ ಒಂದೇ ಕ್ರಿಯಾಪದ. ಒಂದೇ ಥರ ಬದಲಾಗುವವುಗಳ ಗುಂಪು ನೀವೇ ಕಟ್ಟಿಕೊಳ್ಳಬೇಕು. ಹೀಗೆ ಕಟ್ಟಿ: ತೆನೆರ್-ತುಬೆ, ಎಸ್ತಾರ್-ಎಸ್ತುಬೆ, ಅಂದಾರ್-ಅಂದುಬೆ, ಪೊದೆರ್-ಪುದೆ, ಪೊನೆರ್-ಪುಸೆ, ಸಬೆರ್-ಸುಪೆ, ಅಸೆರ್-ಇಸೆ, ಕೆರೆರ್-ಕಿಸೆ, ಬೆನಿರ್-ಬಿನೆ. ಇವಕ್ಕೆಲ್ಲ ಪ್ರತ್ಯಯಗಳು ಒಂದೇ: ಎ, ಇಸ್ತೆ, ಒ, ಇಮೊಸ್, ಇಸ್ತೆಯಿಸ್, ಇಯೆರೊನ್. 'ನಾನು', 'ಅವನು' ರೂಪಗಳಲ್ಲಿ ಒತ್ತು ಧಾತುವಿನ ಮೇಲೆಯೇ ಬೀಳುತ್ತದೆ, ಹಾಗಾಗಿ ಬರವಣಿಗೆಯಲ್ಲಿ ಒತ್ತುಗುರುತು ಇಲ್ಲ. ನಿಯಮಬದ್ಧ ಕ್ರಿಯಾಪದಗಳಲ್ಲಿ ಒತ್ತು ಕೊನೆಗೆ ಹೋಗುತ್ತದೆ. ಆ ಅಭ್ಯಾಸದಲ್ಲಿ ತುಬೆಯ ಕೊನೆಯನ್ನೂ ಒತ್ತಿ ಹೇಳುವುದು ತೀರಾ ಸಾಮಾನ್ಯ ತಪ್ಪು. ಅಸೆರ್‌ನ 'ಅವನು' ರೂಪ 'ಇಸೊ' ಬರೆಯುವಾಗ 'ಸಿ' ಅಲ್ಲ, 'ಝಡ್' ಎಂಬುದನ್ನೂ ನೆನಪಿಡಿ. 'ಸಿ' ಬರೆದರೆ 'ಇಕೊ' ಎಂದು ಓದಿಸಿಕೊಳ್ಳುತ್ತದೆ.

ದೆಸಿರ್-ದಿಹೆ, ತ್ರಾಯೆರ್-ತ್ರಾಹೆ, ಕೊಂದುಸಿರ್-ಕೊಂದುಹೆ ಬೇರೆ ಗುಂಪು. ಇಲ್ಲಿ 'ಅವರು' ರೂಪಕ್ಕೆ 'ಇಯೆರೊನ್' ಅಲ್ಲ, ಬರೀ 'ಎರೊನ್': ದಿಹೆರೊನ್, ತ್ರಾಹೆರೊನ್. ಪೆದಿರ್, ದೊರ್ಮಿರ್ ಥರದವು 'ಅವನು', 'ಅವರು' ರೂಪಗಳಲ್ಲಷ್ಟೇ ಬದಲಾಗುತ್ತವೆ: ಪಿದಿಯೊ, ದುರ್ಮಿಯೊ. ಸೆರ್, ಇರ್ ಎರಡಕ್ಕೂ 'ಫುಯ್' ಒಂದೇ ರೂಪ. 'ಫುಯ್ ಅ ಲಾ ತಿಯೆಂದಾ' ಅಂದರೆ ಅಂಗಡಿಗೆ ಹೋದೆ, 'ಫುಯ್ ಪ್ರೊಫೆಸೊರಾ' ಅಂದರೆ ಶಿಕ್ಷಕಿಯಾಗಿದ್ದೆ.

ಇಲ್ಲಿಯವರೆಗಿನ ರೂಪಗಳು ಆಗಿ ಮುಗಿದ ಘಟನೆಗೆ. ಆಗ ಇದ್ದುದನ್ನು, ನಡೆಯುತ್ತಿದ್ದುದನ್ನು ಹೇಳುವ ಇಂಪೆರ್ಫೆಕ್ತೊ ಎಂಬ ಇನ್ನೊಂದು ಭೂತಕಾಲದಲ್ಲಿ ತಲೆನೋವು ಕಡಿಮೆ. ನಿಯಮ ತಪ್ಪುವವು ಮೂರೇ: ಸೆರ್-ಎರಾ, ಇರ್-ಇಬಾ, ಬೆರ್-ಬೆಇಯಾ. ಕಷ್ಟವಿರುವುದು ಯಾವಾಗ ಯಾವುದು ಎಂಬಲ್ಲಿ. ಕೋಷ್ಟಕ ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತದೆ. ಪಾಠಗಳು ತಾಣದಲ್ಲೇ ಇವೆ, ಆದರೆ ಬೇರೆ ಪುಟದಲ್ಲಿ. ಇಂಗ್ಲಿಷ್ ವಿವರಣೆಗಿಂತ ಕನ್ನಡವೇ ಇಲ್ಲಿ ನೆರವಿಗೆ ಬರುತ್ತದೆ: 'ಸಬಿಯಾ' ಗೊತ್ತಿತ್ತು, 'ಸುಪೆ' ಗೊತ್ತಾಯಿತು. 'ನೊ ಕೆರಿಯಾ' ಮನಸ್ಸಿರಲಿಲ್ಲ, 'ನೊ ಕಿಸೆ' ಒಲ್ಲೆ ಅಂದೆ.

ಅನುಮಾನ ಬಂದಾಗ ನೋಡಬೇಕಾದದ್ದು ಮ್ಯಾಡ್ರಿಡ್‌ನ ರಿಯಲ್ ಅಕಾಡೆಮಿಯ ಎಸ್ಪಾನ್ಯೋಲದ ಆನ್‌ಲೈನ್ ನಿಘಂಟು. 1713ರಲ್ಲಿ ಹುಟ್ಟಿದ ಸಂಸ್ಥೆ, ನಿಘಂಟಿನ 23ನೇ ಆವೃತ್ತಿ 2014ರದ್ದು, ಜಾಲದಲ್ಲಿ ಉಚಿತ. ಕ್ರಿಯಾಪದ ಹುಡುಕಿದರೆ ರೂಪಗಳ ಕೋಷ್ಟಕವೂ ಸಿಗುತ್ತದೆ. ಬಣ್ಣವಿಲ್ಲ, ಎಲ್ಲವೂ ಸ್ಪ್ಯಾನಿಷಿನಲ್ಲಿ, ಆರಂಭಿಕರಿಗೆ ಬಿಗಿ. ಹೆಸರುಗಳಲ್ಲಿ ಎಚ್ಚರ ಬೇಕು: 'ತುಬೆ' ಥರದ ರೂಪಗಳ ಕಾಲವನ್ನು ಪಠ್ಯಪುಸ್ತಕಗಳು 'ಇಂದೆಫಿನಿದೊ' ಅನ್ನುವುದು ಇಲ್ಲಿ 'ಪ್ರೆತೆರಿತೊ ಪೆರ್ಫೆಕ್ತೊ ಸಿಂಪ್ಲೆ'. 'ಪೆರ್ಫೆಕ್ತೊ' ಕಂಡ ಮಾತ್ರಕ್ಕೆ 'ಎ ತೆನಿದೊ' ಮಾದರಿಯ ಸಂಯುಕ್ತ ರೂಪ ಅಂದುಕೊಳ್ಳಬೇಡಿ.

ಹಳೆಯ ಪುಸ್ತಕಗಳಲ್ಲಿ ಫುಎ, ದಿಯೊ, ಬಿಯೊ ಮೇಲೆ ಒತ್ತುಗುರುತು ಕಂಡರೆ ಗಾಬರಿ ಬೇಡ. 1950ರ ದಶಕದ ಕಾಗುಣಿತ ಸುಧಾರಣೆಯಲ್ಲಿ ಅದನ್ನು ಕೈಬಿಡಲಾಯಿತು. ಲ್ಯಾಟಿನ್ ಅಮೆರಿಕದ ಕಡೆ ಕೆಲಸ ಇರುವವರು ಸ್ಪೇನ್ ಕಡೆಯ 'ಬೊಸೊತ್ರೊಸ್' (ನೀವೆಲ್ಲ) ಸಾಲನ್ನು, ಅಂದರೆ 'ತುಬಿಸ್ತೆಯಿಸ್' ಥರದ್ದನ್ನು, ಗುರುತಿಸಲು ಬಂದರೆ ಸಾಕು. 'ನೀನು' ಎನ್ನಲು ಅರ್ಜೆಂಟೀನಾದಲ್ಲಿ ಬಳಸುವ 'ಬೊಸ್'ಗೂ ಈ ಕಾಲದಲ್ಲಿ 'ತು' (ನೀನು) ರೂಪವೇ ನಡೆಯುತ್ತದೆ: ಬೊಸ್ ತುಬಿಸ್ತೆ.