ಮ್ಯಾನೇಜರ್ ಆಗೋದಾ, ಎಂಜಿನಿಯರ್ ಆಗಿಯೇ ಇರೋದಾ?

ಮೈಸೂರಿನ ಹೆಬ್ಬಾಳದ ಕಡೆ ಐಟಿ ಕೆಲಸದಲ್ಲಿ ಏಳೆಂಟು ವರ್ಷ ಕಳೆದವರಿಗೆ ಈ ಪ್ರಶ್ನೆ ಎದುರಾಗುತ್ತದೆ.

ಮ್ಯಾನೇಜರ್ ಆದರೆ ಮೀಟಿಂಗ್, ಅಪ್ರೈಸಲ್, ಕ್ಲೈಂಟ್ ಕರೆಗಳಲ್ಲೇ ದಿನ ಕಳೆಯುತ್ತದೆ. ಕೋಡ್ ಮುಟ್ಟುವುದು ಅಪರೂಪ. ಹೊಸದಾಗಿ ಸೇರಿದ ಹುಡುಗಿ ಮೀಟಿಂಗಿನಲ್ಲಿ ಬಾಯಿ ಬಿಡದೆ ಕೂತಿದ್ದನ್ನು ಗಮನಿಸಿ, ಆಮೇಲೆ ಕರೆದು ಮಾತಾಡಿಸುವ ತಾಳ್ಮೆ ಇದ್ದರೆ ಈ ಕೆಲಸ ಒಗ್ಗುತ್ತದೆ. ಬರೀ ಸಂಬಳಕ್ಕಾಗಿ ಬೇಡ.

ಎಂಜಿನಿಯರ್ ಆಗಿಯೇ ಬೆಳೆದರೆ ಒಳ್ಳೆಯ ವಿನ್ಯಾಸ ನಿಮ್ಮ ಕೈಯಲ್ಲೇ ಇರುತ್ತದೆ. ನನಗೆ ಜಾಸ್ತಿ ಇಷ್ಟ ಇದೇ. ಕರೆಂಟ್ ಬಿಲ್ ಕಟ್ಟುವ ಆ್ಯಪನ್ನೇ ತಗೊಳ್ಳಿ. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವವರು ಬಿಸಿಲಲ್ಲಿ, ಒದ್ದೆ ಬೆರಳಲ್ಲಿ ‘ಪಾವತಿಸಿ’ ಒತ್ತಬೇಕು. ಬಟನ್ ಕನಿಷ್ಠ 48 ಡಿಪಿ (ಪರದೆಯ ಮೇಲಿನ ಗಾತ್ರ ಅಳೆಯುವ ಮಾನ) ಇರಲಿ ಅನ್ನುತ್ತದೆ ಆಂಡ್ರಾಯ್ಡ್ ಸಲಹೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ 4.5:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ವ್ಯತ್ಯಾಸ, ಆದರೂ ಬೇಕು. ಚೆಂದಕ್ಕೆ ಅಂತ ಸುಮ್ನೆ ಬೂದು ಮೇಲೆ ಬೂದು ಬಳಿದರೆ ಅವರಿಗೆ ಕಾಣಿಸೋದೇ ಇಲ್ಲ, ಅಲ್ವಾ? ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತದೆ, ಸಾಲುಗಳ ನಡುವೆ ಜಾಗವನ್ನೂ ಹೆಚ್ಚು ಬಿಡಬೇಕು. ಕಿರಿಯರ ಕೋಡ್ ನೋಡಿ ಇದನ್ನೆಲ್ಲ ಸಮಾಧಾನವಾಗಿ ವಿವರಿಸುವುದೂ ನಾಯಕತ್ವವೇ.

ಒಪ್ಪುವ ಮೊದಲು ಒಂದು ವಿಚಾರಿಸಿ: ನಿಮ್ಮ ಕಂಪನಿಯಲ್ಲಿ ಮ್ಯಾನೇಜರ್ ಆಗದೆಯೂ ಆರ್ಕಿಟೆಕ್ಟ್ (ಸಾಫ್ಟ್‌ವೇರಿನ ಒಟ್ಟು ವಿನ್ಯಾಸ ನಿರ್ಧರಿಸುವ ಹಿರಿಯ ಎಂಜಿನಿಯರ್) ಮಟ್ಟದವರೆಗೆ ಬಡ್ತಿ ಸಿಗುತ್ತದಾ? ಇಲ್ಲ ಅಂದರೆ, ಮೈಸೂರಿನ ಮನೆಯಿಂದಲೇ ಕೆಲಸ ಮಾಡಲು ಬಿಡುವ ಬೆಂಗಳೂರಿನ ಕಂಪನಿ ಹುಡುಕುವುದು ವಾಸಿ.