ಅಪ್ಪನ ಆರೈಕೆ: ಏಜೆನ್ಸಿ, ಪ್ಯಾಕೇಜ್, ಊರು ಮೂರೂ ನೋಡಿದ್ದಾಯಿತು

ಅಪ್ಪನಿಗೆ 78. ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿತು. ಆಸ್ಪತ್ರೆಯವರು ಒಂದು ಫೈಲ್ ಕೈಗಿಟ್ಟು ಮನೆಗೆ ಕಳಿಸಿದರು, ಮುಂದಿನದೆಲ್ಲ ನಮ್ಮ ಪಾಡು.

ಮೊದಲು ಬೆಂಗಳೂರಿನಲ್ಲಿ ಏಜೆನ್ಸಿಯಿಂದ ಅಟೆಂಡರ್, ಫಿಸಿಯೋ ಬೇರೆ ಕಡೆಯಿಂದ. ಅಗ್ಗ ಅಂತ ಶುರು ಮಾಡಿದ್ದು. ಹುಡುಗ ಒಳ್ಳೆಯವನೇ, ಡೈಪರ್ ಬದಲಿಸುವಾಗಲೂ ಮುಖ ಸಿಂಡರಿಸಿದವನಲ್ಲ. ಆದರೆ ಫಿಸಿಯೋ ಬರುವ ಹೊತ್ತಿಗೆ ಸರಿಯಾಗಿ ಇವನು ಊಟಕ್ಕೆ ಹೋಗಿರುತ್ತಿದ್ದ, ಅವರು ಹೇಳಿದ್ದನ್ನು ಅಮ್ಮ ಕೇಳಿಸಿಕೊಂಡು ನನಗೆ ಫೋನ್ ಮಾಡಿ, ನಾನು ಆಫೀಸಿನಿಂದ ಇವನಿಗೆ ಹೇಳುವಷ್ಟರಲ್ಲಿ ಅರ್ಧ ಮರೆತಿರುತ್ತಿತ್ತು. ಮೂರನೇ ವಾರ ಅಪ್ಪನ ಸೊಂಟದ ಕೆಳಗೆ ಎಂಟಾಣೆಯಗಲ ಕೆಂಪು ಕಂಡಿತು. ನಾಲ್ಕೇ ದಿನದಲ್ಲಿ ಚರ್ಮ ಕಿತ್ತು ಹುಣ್ಣಾಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಅವನಿಗೆ ಯಾರೂ ಹೇಳಿರಲೇ ಇಲ್ಲ. ಅವನನ್ನು ಬೈದು ಏನು ಪ್ರಯೋಜನ?

ಆಮೇಲೆ ಪ್ಯಾಕೇಜ್. ನರ್ಸ್, ಫಿಸಿಯೋ, ಅಟೆಂಡರ್ ಎಲ್ಲ ಒಂದೇ ಕಂಪನಿಯವರು. ನರ್ಸ್ ಡ್ರೆಸ್ಸಿಂಗ್ ಮಾಡುತ್ತಲೇ ಅಟೆಂಡರ್ ಕೈಯಿಂದ ದಿಂಬು ಇಡಿಸಿ, ತಪ್ಪಾದರೆ ಮತ್ತೆ ಇಡಿಸಿ ಕಲಿಸಿದರು. ಹುಣ್ಣು ಮಾಯಿತು. ಖರ್ಚು ಮಾತ್ರ ಹೆಚ್ಚುಕಮ್ಮಿ ಎರಡರಷ್ಟು, ಪೂರ್ತಿ ನಮ್ಮ ಜೇಬಿನಿಂದಲೇ. 70 ದಾಟಿದವರಿಗೆ 2024ರಲ್ಲಿ ಬಂದ ಆಯುಷ್ಮಾನ್ ಕಾರ್ಡಿನ 5 ಲಕ್ಷ ಆಸ್ಪತ್ರೆಗೆ ಸೇರಿದರೆ ಮಾತ್ರ, ಮನೆ ಆರೈಕೆಗೆ ಅಲ್ಲ. ಜೊತೆಗೆ ತಿಂಗಳಿಗೊಬ್ಬ ಹೊಸ ಅಟೆಂಡರ್. ಅಪ್ಪ ಹೆಸರು ಕೇಳುವುದನ್ನೇ ಬಿಟ್ಟು ಎಲ್ಲರನ್ನೂ 'ಮರಿ' ಅನ್ನತೊಡಗಿದರು.

ಕೊನೆಗೆ ಅವರೇ ಹಟ ಹಿಡಿದು ತಿಪಟೂರು ಹತ್ತಿರದ ನಮ್ಮ ಹಳ್ಳಿಗೆ ಹೋದರು. ಸಂಬಳಕ್ಕೆ ಪಕ್ಕದ ಮನೆ ಅಕ್ಕ, ಬಿಪಿ ನೋಡಲು ಆಶಾ ಕಾರ್ಯಕರ್ತೆ. ಅಲ್ಲಿ ಫಿಸಿಯೋ ಸಿಗುವುದು ಕಷ್ಟ, ರಾತ್ರಿ ಏನಾದರೂ ಆದರೆ ದೇವರೇ ಗತಿ. ಆದರೆ ಈ ಆಶಾ ಒಂದು ದಿನ ಮಾತ್ರೆ ಡಬ್ಬಿ ಮಂಚದ ಮೇಲೆ ಸುರುವಿ, ಒಂದೇ ಬಿಪಿ ಮಾತ್ರೆ ಎರಡು ಕಂಪನಿ ಹೆಸರಲ್ಲಿ ಇರುವುದನ್ನು ಹಿಡಿದರು! ಉಪಕೇಂದ್ರದ ಆರೋಗ್ಯ ಅಧಿಕಾರಿಗೆ ಅಲ್ಲಿಂದಲೇ ಫೋನ್ ಮಾಡಿದರು, ಅವರು ಪಿಎಚ್‌ಸಿ ಡಾಕ್ಟರನ್ನು ಕೇಳಿ ಒಂದನ್ನು ನಿಲ್ಲಿಸಿದರು. ಬೆಂಗಳೂರಿನಲ್ಲಿ ಅಷ್ಟು ಜನ ಬಂದು ಹೋದರು, ಒಬ್ಬರೂ ಆ ಡಬ್ಬಿ ಮುಟ್ಟಿರಲಿಲ್ಲ.

ನನ್ನ ಮಟ್ಟಿಗೆ, ಆಸ್ಪತ್ರೆಯಿಂದ ಬಂದ ಮೊದಲ ಮೂರು ತಿಂಗಳು ಸಾಲ ಮಾಡಿಯಾದರೂ ಪ್ಯಾಕೇಜ್, ಆಮೇಲೆ ಊರು. ಬಿಡಿಬಿಡಿಯಾಗಿ ಜನ ಇಟ್ಟುಕೊಳ್ಳಲೇಬೇಕು ಅಂದರೆ ಮಂಚಕ್ಕೆ ದಾರ ಕಟ್ಟಿ ಒಂದು ನೋಟ್‌ಬುಕ್ ನೇತುಹಾಕಿ, ಬಂದವರೆಲ್ಲ ಅದರಲ್ಲೇ ಬರೆಯಲಿ. ಊರಲ್ಲಿ ಈಗ ಹಾಗೇ ಮಾಡಿದ್ದೇವೆ. ಅಕ್ಕನ ಅಕ್ಷರ ಓದಲಾಗುವುದಿಲ್ಲ, ಆಶಾಗೆ ಮಾತ್ರ ಅರ್ಥವಾಗುತ್ತದೆ.